ಟೈ ಎಸೆದು ಹೊರೆ ಹಂಚಿದ್ದು

ತೊಂಬತ್ತರ ದಶಕದ ನಡುವಿನಲ್ಲಿ, ಹೂರಾ ಬಡಾವಣೆಯ ಅಂಗಡಿಯೊಂದರ ಹಳೆ ಪುಸ್ತಕಗಳ ರಾಶಿಯಿಂದ ಟಿಬೆಟ್ಟಿಗೆ ಹೋದ ಪರ್ವತಾರೋಹಿಗಳ ಒಂದು ಪುಸ್ತಕ ಎತ್ತಿಕೊಂಡು ಬಂದು ನಾನು ಟಿಬೆಟ್ ತಜ್ಞನಾದೆ. ಬಹರೈನಿನಲ್ಲಿ ಆಗ ಆ ಹುದ್ದೆಗೆ ಬೇರೆ ಅಭ್ಯರ್ಥಿಗಳಿರಲಿಲ್ಲ. ಸಿತ್ರಾದ ಕಾರ್ಖಾನೆಯಲ್ಲಿ ಸ್ಟೋರು ಕಾಯುವವನಾದ ನನಗೆ ನಮ್ಮ ಕನ್ನಡ ಸಂಘ ಒಂದು ಶುಕ್ರವಾರ, ಮಧ್ಯಾಹ್ನದ ಊಟಕ್ಕೆ ಮೊದಲು, ಭಾಷಣಕ್ಕೆ ಹದಿನೈದು ನಿಮಿಷ ದಯಪಾಲಿಸಿತು.

ಅಧ್ಯಕ್ಷರು ಮೊದಲೇ ಎಚ್ಚರಿಸಿದ್ದರು: "ಮಾರಾಯ್ರೆ, ಈ ಸೆಕೆಯಲ್ಲಿ ಜನ ಬರುವುದು ಹಿಮ ನೋಡ್ಲಿಕ್ಕೆ. ಹೊರೆ ಹೊರುವವರ ಕಥೆ ಬೇಡ."

ನಾನು ತಲೆಯಾಡಿಸಿದೆ. ಅದನ್ನು ಒಪ್ಪಿಗೆಯೆಂದು ತಿಳಿದದ್ದು ಅವರ ತಪ್ಪು.

ನಮ್ಮ ಸಂಘದ ಪದ್ಧತಿ ಹೀಗಿತ್ತು. ಸಭೆ ಮುಗಿದೊಡನೆ ಹೂರಾದ ಬ್ಯಾಚುಲರ್ ರೂಮುಗಳ ಹುಡುಗರು ಕುರ್ಚಿ ಮಡಚಬೇಕು, ಕೆಳಗೆ ಪಿಕಪ್ಪಿನಲ್ಲಿ ಬಂದ ಊಟದ ಕೊಪ್ಪರಿಗೆಗಳನ್ನು ಎರಡು ಮಹಡಿ ಹೊತ್ತು ತರಬೇಕು. ಮೊದಲ ಪಂಕ್ತಿ ಟೈ ಕಟ್ಟಿದವರಿಗೆ. ಹುಡುಗರಿಗೆ ಕೊನೆಯಲ್ಲಿ ಪಾಯಸದ ವಾಸನೆ. ಇದು ನಿಯಮವಾಗಿರಲಿಲ್ಲ. ಹಾಗಾಗಿ ತಿದ್ದುಪಡಿಗೂ ಅವಕಾಶವಿರಲಿಲ್ಲ.

ಭಾಷಣದಲ್ಲಿ ಹಿಮವನ್ನು ಎರಡು ನಿಮಿಷದಲ್ಲಿ ಮುಗಿಸಿದೆ. ಆಮೇಲೆ ಗಾಳಿ ಹೊಡೆದು ಕಂದಿದ ಬಯಲು, ಬಾರ್ಲಿ ಗದ್ದೆ, ಸಗಣಿಬೆರಣಿ ಒಟ್ಟಿದ ಮನೆಗಳ ಚಪ್ಪಟೆ ಮಾಡು; ಪರ್ವತ ಹತ್ತಲು ಬಂದ ಸಾಹೇಬರ ಪೆಟ್ಟಿಗೆ ಹೊರಲು ಬಂದ ಊರಿಗೆ ಊರು, ಬೆನ್ನಿಗೆ ಕೂಸು ಕಟ್ಟಿಕೊಂಡ ತಾಯಂದಿರೂ ಸೇರಿ. ಯಾರಿಗೆ ಯಾವ ಹೊರೆ ಎಂದು ಸಾಹೇಬರು ತಾವೇ ಹಂಚಲು ಹೋದಾಗ ಜಗಳ ಎದ್ದಿತು. ಕೊನೆಗೆ ಊರಿನ ಹಿರಿಯನೊಬ್ಬ ಪ್ರತಿಯೊಬ್ಬರಿಂದಲೂ ಬೂಟಿಗೆ ಬಿಗಿಯುವ ಉಣ್ಣೆಯ ಪಟ್ಟಿ ಬಿಚ್ಚಿಸಿ, ಕಲಸಿ, ಒಂದೊಂದು ಪೆಟ್ಟಿಗೆಯ ಮೇಲೆ ಒಂದೊಂದನ್ನು ಎಸೆದ. ಯಾರ ಪಟ್ಟಿಯೋ ಅವರ ಹೊರೆ. ಅತಿ ಭಾರದ ಪೆಟ್ಟಿಗೆ ಪಾಲಿಗೆ ಬಂದ ಮುದುಕಿ ನಗುತ್ತಾ ಎತ್ತಿಕೊಂಡು ನಡೆದಳು. ಸಾಹೇಬರಿಗೆ ಇದು ವಿಚಿತ್ರವೆನಿಸಿತು, ನನಗೆ ಸಂವಿಧಾನವೆನಿಸಿತು.

ಇಷ್ಟು ಹೇಳಿ ನನ್ನ ಟೈ ಬಿಚ್ಚಿ ಮೇಜಿನ ಮೇಲಿಟ್ಟೆ. ಇಂದಿನ ಹೊರೆಗಳೂ ಹೀಗೆಯೇ ಹಂಚಿಕೆಯಾಗಲಿ ಎಂದೆ.

ಹುಡುಗರು ಅಭ್ಯಾಸಬಲದಿಂದ ಎದ್ದು ಬಾಗಿಲ ಕಡೆ ಹೊರಟೇ ಬಿಟ್ಟರು. ಅವರು ಮೆಟ್ಟಿಲಿಳಿದರೆ ನನ್ನ ಟಿಬೆಟ್ ಮುಗಿದಂತೆ. "ಕೂತ್ಕೊಳ್ಳಿ ನೀವು," ಎಂದೆ. ಕೂತರು. ಈಗ ಯಾರೂ ಏಳದಿದ್ದರೆ ಯಾರಿಗೂ ಊಟವಿಲ್ಲ.

ಹಸಿವು ದೊಡ್ಡ ಸುಧಾರಕ. ಮುಖ್ಯ ಅತಿಥಿಗಳಾಗಿದ್ದ ಬ್ಯಾಂಕ್ ಮ್ಯಾನೇಜರರು ಮೊದಲು ಟೈ ಬಿಚ್ಚಿದರು. ಅತಿಥಿಯೇ ಬಿಚ್ಚಿದ ಮೇಲೆ ಸಮಿತಿಗೆ ಬೇರೆ ದಾರಿಯಿರಲಿಲ್ಲ. ಹನ್ನೊಂದು ಟೈಗಳನ್ನು ಚೀಲದಲ್ಲಿ ಕಲಸಿ, ಕೆಳಗಿಳಿದು, ಮುಚ್ಚಿದ ಕೊಪ್ಪರಿಗೆಗಳ ಮೇಲೆ ಶಾಸ್ತ್ರೋಕ್ತವಾಗಿ ಎಸೆದೆ. ನನಗೆ ಹಪ್ಪಳದ ಬುಟ್ಟಿ ಬಂತು. ನ್ಯಾಯಕ್ಕೂ ಕೆಲವೊಮ್ಮೆ ನಾಚಿಕೆಯಿರುವುದಿಲ್ಲ. ಸಾಂಬಾರಿನ ಕೊಪ್ಪರಿಗೆಯ ಮೇಲೆ ನೀಲಿ ಪಟ್ಟೆಯ ಟೈ. ಅಧ್ಯಕ್ಷರು ಅದನ್ನು ದೂರದಿಂದಲೇ ನೋಡಿ, ತಮ್ಮದಲ್ಲ, ಇಂಥದ್ದು ಎಲ್ಲರ ಹತ್ತಿರವೂ ಉಂಟು ಎಂದರು.

ಮೆಟ್ಟಿಲ ಮೇಲೆ ನಿಂತಿದ್ದ ಅವರ ಹೆಂಡತಿ ಶಾಂತವಾಗಿ ಹೇಳಿದರು: "ಅದು ನಿಮ್ಮದೇ ಅಲ್ವಾ? ಬೆಳಿಗ್ಗೆ ನಾನೇ ಕಟ್ಟಿದ್ದು. ಹಿಡೀರಿ, ಕೊಪ್ಪರಿಗೆಯ ಇನ್ನೊಂದು ಕಿವಿ ನಾನು ಹಿಡೀತೇನೆ."

ಆ ದಿನ ಹುಡುಗರು ಮೊದಲ ಪಂಕ್ತಿಯಲ್ಲಿ ಕೂತು, ಬಿಸಿ ಸಾಂಬಾರು ಉಂಡರು, ಅಷ್ಟೂ ಹೊತ್ತು ಅಪರಾಧಿಗಳಂತೆ ತಲೆ ತಗ್ಗಿಸಿಕೊಂಡು.

ಮುಂದಿನ ಕಾರ್ಯಕ್ರಮಕ್ಕೆ ನನ್ನನ್ನು ಭಾಷಣಕ್ಕೆ ಕರೆಯಲಿಲ್ಲ. ಸಮಿತಿಯವರೆಲ್ಲ ಟೈ ಇಲ್ಲದೆ, ಸೆಕೆಯ ಮೇಲೆ ತಪ್ಪು ಹೊರಿಸಿ ಬಂದಿದ್ದರು. ನಾನು ಬಾಗಿಲಲ್ಲೇ ಚೀಲ ಹಿಡಿದು ನಿಂತು, ಶೂ ಲೇಸು ಕೇಳಿದೆ.