ಹೆಬ್ಬಾಳ ಕೆರೆ ಬಂದರೆ ನಡುಗುವ ಕಾರು

ಶನಿವಾರ ಬೆಳಿಗ್ಗೆ ಹೆಬ್ಬಾಳ ಕೆರೆಯ ಹತ್ತಿರ ಬಿಳಿ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿರುವುದನ್ನು ನೀವು ನೋಡಿದ್ದೀರಾ? ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು, ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದವನು ನಾನೇ. ಒಂದಲ್ಲ, ಎರಡಲ್ಲ, ಸಾಲಾಗಿ ಐದು ಶನಿವಾರ. ಕೆರೆಯಲ್ಲಿ ಎಮ್ಮೆ ಮೈ ತೊಳೆಯಲು ಬರುವವರಿಗೆಲ್ಲ ನನ್ನ ಪರಿಚಯವಾಗಿಬಿಟ್ಟಿತ್ತು. "ಏನ್ ಸಾರ್, ಇವತ್ತು ಅರ್ಧ ಗಂಟೆ ಲೇಟು?" ಎಂದು ಒಬ್ಬ ಕೇಳಿಯೇಬಿಟ್ಟ.

ಯುಗಾದಿಗೆ ಮೊದಲು ಮಲ್ಲೇಶ್ವರದ ರಿಟೈರ್ಡ್ ಮೇಷ್ಟ್ರೊಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ ಅದು. (ಸೆಕೆಂಡ್ ಅಂದದ್ದು ಅವರು. ಥರ್ಡೋ ಫೋರ್ಥೋ, ನಾನು ಕೆದಕಲು ಹೋಗಲಿಲ್ಲ.) ಕೊಂಡದ್ದು ಜಂಬಕ್ಕಲ್ಲ, ಅವ್ವನಿಗಾಗಿ.

ಅವ್ವ ಗದಗಿನ ಕಡೆಯವಳು. ಅಪ್ಪ ಹೋದ ಮೇಲೆ ಯಲಹಂಕಕ್ಕೆ, ನಮ್ಮ ಮನೆಗೆ ಬಂದಳು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಆವತ್ತಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಆರ್.ಟಿ. ನಗರದಲ್ಲಿ ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಮಗನ ಮನೆಯಲ್ಲಿದ್ದಾಳೆ. ದೊಡ್ಡವ್ವನಿಗೆ ಎರಡೂ ಕಣ್ಣು ಕಾಣುವುದಿಲ್ಲ. ಶನಿವಾರ ಶನಿವಾರ ಅವ್ವ ಹೋಗಿ ಅಕ್ಕನ ತಲೆ ಬಾಚುತ್ತಾಳೆ, ಊರಿಂದ ಬಂದ ಕಾಗದ ಓದಿ ಹೇಳುತ್ತಾಳೆ. ಆಮೇಲೆ ಇಬ್ಬರೂ ಸೇರಿ ರೊಟ್ಟಿ ಬಡಿಯುತ್ತಾರೆ. ಅವ್ವ ಈ ಊರಿನಲ್ಲಿ ಬಾಯಿತುಂಬ ನಗುವುದು ವಾರಕ್ಕೆ ಅದೊಂದೇ ದಿನ.

ಆಷಾಢ ಮುಗಿಯುವವರೆಗೂ ಗಾಡಿ ಸುಖವಾಗಿಯೇ ಇತ್ತು. ಶ್ರಾವಣ ಶುರುವಾಯಿತು ನೋಡಿ, ಅದಕ್ಕೂ ಏನೋ ಅಮರಿಕೊಂಡಿತು.

ಬ್ಯಾಟರಾಯನಪುರ ದಾಟುವಾಗ ಒಂದು ಸಣ್ಣ ಜರ್ಕ್. ಆಮೇಲೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಕ. ಆಕ್ಸಿಲರೇಟರ್ ಒತ್ತಿದರೆ ನಡುಕ ಇನ್ನೂ ಜಾಸ್ತಿ. ಕೆರೆ ಕಾಣುವ ಹೊತ್ತಿಗೆ ಪೂರ್ತಿ ಆಫ್. ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್!

ನಾನು ಯಶವಂತಪುರದ ಕಾರ್ಖಾನೆಯಲ್ಲಿ ಮೆಷಿನ್ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವ ಮನುಷ್ಯ. ನನ್ನ ಗಾಡಿಯೇ ಹೀಗೆ ಮಾನ ಕಳೆದರೆ?

ಯಲಹಂಕದ ಗ್ಯಾರೇಜಿನವರು ಕಾರ್ಬುರೇಟರ್ ಬಿಚ್ಚಿ ತೊಳೆದರು. ಬಸ್ ಸ್ಟ್ಯಾಂಡ್‌ವರೆಗೆ ಒಂದು ರೌಂಡ್ ಹೊಡೆದು, "ಬೆಣ್ಣೆ ಥರ ಹೋಗ್ತಿದೆ ಸಾರ್" ಅಂದರು. ಶನಿವಾರ ಬೆಣ್ಣೆ ಮತ್ತೆ ಕೆರೆಯ ಹತ್ತಿರ ನಿಂತಿತು. ಪ್ಲಗ್ ಬದಲಾಯಿಸಿದರು. ಮತ್ತೆ ನಿಂತಿತು. ಆಫೀಸಿನ ಸಹೋದ್ಯೋಗಿಯೊಬ್ಬರು ಎಂಜಿನ್ನಿನ ಪೆಟ್ರೋಲ್ ಪಂಪು ಬಿಸಿಯಾಗುತ್ತಿದೆ, ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಅಂದರು. ಸುತ್ತಿದೆ. ಬಟ್ಟೆ ಒಣಗಿತೇ ಹೊರತು ರೋಗ ವಾಸಿಯಾಗಲಿಲ್ಲ. ಹೆಂಡತಿ ಸುಧಾ ಮಾತ್ರ ಮೊದಲ ದಿನವೇ ಡಯಾಗ್ನೋಸಿಸ್ ಮುಗಿಸಿದ್ದಳು. "ಗಾಡೀಲೇನೂ ಇಲ್ಲ ಕಣ್ರೀ, ನೀವು ಓಡ್ಸೋದೇ ಸರಿಯಿಲ್ಲ."

ನಾಲ್ಕನೇ ಸಲ ನಿಂತಾಗ ಹಿಂದಿನಿಂದ ಬಂದ ಲಾರಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋಯಿತು. ಅವ್ವ ಹಿಂದಿನ ಸೀಟಿನಲ್ಲಿದ್ದಳು. ಸಾಕು, ಮಾರಿಬಿಡೋಣ ಎಂದು ತೀರ್ಮಾನಿಸಿದೆ. ತಣಿಸಂದ್ರದ ಕೋಳಿಫಾರಂನವರೊಬ್ಬರು ಒಂದು ವಾರ ಬಿಟ್ಟು ಸೋಮವಾರ ಬಂದು ಒಯ್ಯುತ್ತೇನೆ ಅಂದರು.

ಅವ್ವನಿಗೆ ಹೇಳಿದೆ. ಅವಳು ಸೆರಗಿನ ಅಂಚು ಮಡಿಸಿದಳು. "ಮಾರಿಬಿಡೋ ತಮ್ಮಾ. ಮುದುಕಿ ಒಬ್ಬಾಕಿ ಸಲುವಾಗಿ ಎಷ್ಟಂತ ತ್ರಾಸ ತಗೋತಿ? ನಾ ಅಕ್ಕಗ ಕಾಗದಾ ಬರಿತೀನಿ ತಗೋ."

ಕಣ್ಣಿಲ್ಲದವಳಿಗೆ ಕಾಗದ! ಎದ್ದು ಹೋಗಿ ಸುಮ್ಮನೆ ಟೈರಿಗೆ ಗಾಳಿ ಇದೆಯಾ ಎಂದು ನೋಡಿದೆ.

ಮೊನ್ನೆ ಶನಿವಾರ ಕೊನೆಯ ಸಲ ಅಂತ ಹೊರಟೆವು. ಜರ್ಕ್, ನಡುಕ, ಕೆರೆ, ಆಫ್. ಎಲ್ಲ ಕ್ರಮಪ್ರಕಾರ. ಬಾನೆಟ್ ಎತ್ತಿದೆ. ರಸ್ತೆ ಪಕ್ಕದ ಟೀ ಅಂಗಡಿಯಿಂದ ಬೀಡಿ ಆರಿಸಿ ಒಬ್ಬರು ಎದ್ದು ಬಂದರು. ಬಿಳಿ ಮೀಸೆ, ಖಾಕಿ ಚಡ್ಡಿ. ಹೆಸರು ಮುನಿಯಪ್ಪ, ಅಲ್ಲೇ ಹೆಬ್ಬಾಳದವರು, ತೋಟಗಳ ಪಂಪ್‌ಸೆಟ್ ರಿಪೇರಿ ಮಾಡುವವರು.

"ಬಾನೆಟ್ ಮುಚ್ಚಿ ಸ್ವಾಮಿ. ನಾಕು ವಾರದಿಂದ ನೋಡ್ತಾ ಇವ್ನಿ, ನೀವು ಬರೀ ಮುಂದ್ಗಡೆನೇ ಬಗ್ತೀರ. ಪ್ರತಿ ಸಾರಿ ಇಲ್ಲೇ ಯಾಕೆ ನಿಲ್ತದೆ? ಎಲ್ಲಿಂದ ಬತ್ತೀರ?"

"ಯಲಹಂಕದಿಂದ."

"ಮನೆ ಅತ್ರ ಓಡಾಡ್ವಾಗ ನಿಲ್ಲಲ್ಲ, ಅಲ್ವಾ?"

ಹೌದಲ್ಲ! ಹತ್ತಿರದ ಓಡಾಟದಲ್ಲಿ ಒಂದು ದಿನವೂ ನಿಂತಿರಲಿಲ್ಲ. ಅವರು ಕಾರಿನ ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಯ್ಯ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ನನಗೂ ಕೇಳಿಸಿತು.

"ಈಗ ಒಡೀರಿ ಸ್ಟಾರ್ಟು."

ಎರಡೇ ಸಲಕ್ಕೆ ಎಂಜಿನ್ ಹಿಡಿಯಿತು. ಇಪ್ಪತ್ತು ನಿಮಿಷ ಕಾಯಲಿಲ್ಲ, ಎರಡು ನಿಮಿಷವೂ ಕಾಯಲಿಲ್ಲ.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಸಲೀಸಾಗಿ ಬತ್ತದಾ? ಇದೂ ಅಂಗೆಯ. ಗಾಳಿ ಒಳೀಕೆ ಬಂದ್ರೆ ತಾನೇ ಪೆಟ್ರೋಲು ಆಚೀಕೆ ಓಗೋದು? ಮುಚ್ಚಳದಾಗೆ ಸೂಜಿ ತೂತು ಇರ್ತದೆ. ಅದು ಬಂದ್ ಆಗೈತೆ. ಅತ್ರ ಓದ್ರೆ ಗೊತ್ತಾಗಲ್ಲ, ಇಲ್ಲೀಗಂಟ ಬರೋವಷ್ಟ್ರಲ್ಲಿ ಉಸಿರು ಕಟ್ತದೆ, ನಿಂತ್ರೆ ಗಾಳಿ ಮೆಲ್ಲಗೆ ಒಳೀಕೆ ಸೇರ್ಕತದೆ." ಮುಚ್ಚಳವನ್ನು ನನ್ನ ಮುಂದೆ ಹಿಡಿದರು.

ಅರಿಶಿನ ಕಲಸಿ ಮೆತ್ತಿದ ಒಂದು ಪದರ. ಅದರ ಮೇಲೆ ಕುಂಕುಮ. ಮತ್ತೆ ಅರಿಶಿನ, ಮತ್ತೆ ಕುಂಕುಮ. ಒಣಗಿ ಗಾರೆಯ ಹಾಗೆ ಗಟ್ಟಿಯಾಗಿತ್ತು.

ಹಿಂದಿನ ಸೀಟಿನ ಕಿಟಕಿಯಿಂದ ಅವ್ವ ನೋಡುತ್ತಿದ್ದಳು.

ಶ್ರಾವಣದ ಮೊದಲ ಶುಕ್ರವಾರದಿಂದ ಅವಳು ಹೊಸ್ತಿಲಿಗೆ ಹಚ್ಚಿದ ಮೇಲೆ ಗಾಡಿಗೂ ಹಚ್ಚುತ್ತಿದ್ದಳು. ಮಾರನೇ ದಿನ ಸುಖವಾಗಿ ಅಕ್ಕನ ಮನೆ ಮುಟ್ಟಲಿ ಎಂದು. ಬಾನೆಟ್ಟಿಗಲ್ಲ, ಗಾಡಿ ಉಣ್ಣುವ ಬಾಯಿಗೆ. ಗಾಡಿ ನಿಂತ ಹಾಗೆಲ್ಲ ಮುಂದಿನ ಶುಕ್ರವಾರ ಇನ್ನಷ್ಟು ಭಕ್ತಿ, ಇನ್ನಷ್ಟು ಅರಿಶಿನ. ನಾನೂ ನೋಡಿದ್ದೆನಲ್ಲ! ಪೆಟ್ರೋಲ್ ಬಂಕಿನವನು ಮುಚ್ಚಳ ತಿರುಗಿಸಿ, ಬೆರಳಿಗಂಟಿದ ಕುಂಕುಮವನ್ನು ಹಣೆಗಿಟ್ಟುಕೊಂಡದ್ದನ್ನೂ ನೋಡಿದ್ದೆ. (ತಪಾಸಣೆ ಮಾಡುವ ಮನುಷ್ಯ!)

"ಹಂಗಾದ್ರ ಇಷ್ಟ್ ದಿನಾ ಗಾಡಿ ನಿಲ್ಲಿಸಿದಾಕಿ ನಾನs ಏನಪ್ಪಾ?" ಅವ್ವನ ದನಿ ನಡುಗಿತು. ಗಾಡಿಯ ನಡುಕಕ್ಕಿಂತ ಅದು ನನ್ನನ್ನು ಹೆಚ್ಚು ಅಲ್ಲಾಡಿಸಿತು.

ಮುನಿಯಪ್ಪನವರು ತಡವರಿಸಲಿಲ್ಲ. "ಇಷ್ಟು ಸಾರಿ ನಿಂತ್ರೂ ರೈಲ್ವೆ ಗೇಟಿನ ಮಧ್ಯೆ ಒಂದ್ಸಾರಿನಾದ್ರೂ ನಿಂತದಾ ತಾಯಿ? ಇಲ್ಲ ತಾನೇ? ಪೂಜೆ ಬಿಡಬ್ಯಾಡಿ. ಜಾಗ ಒಂದೀಟು ಬದಲಾಯ್ಸಿ, ಅಷ್ಟೇಯ."

ಅವ್ವ ಕಣ್ಣೊರೆಸಿಕೊಂಡಳು. ಬಳೆಯಿಂದ ಪಿನ್ನು ಬಿಚ್ಚಿದಳು. "ಕೊಡ್ರಿ ಇಲ್ಲೆ. ಹಚ್ಚಿದಾಕಿ ನಾನು, ತಗ್ಯಾಕಿನೂ ನಾನs." ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಶ್ರದ್ಧೆಯಿಂದ ಕೆರೆದಳು. ತೂತಿಗೆ ಬಾಯಿ ಹಚ್ಚಿ ಊದಿ ನೋಡಿದಳು. ಗಾಳಿ ಆಚೆ ಹೋಯಿತು.

ಆರ್.ಟಿ. ನಗರದವರೆಗೆ ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಇಬ್ಬರು ಅಕ್ಕತಂಗಿಯರು ಅಡುಗೆಮನೆಯಲ್ಲಿ ಈ ಕತೆ ಹೇಳಿಕೊಂಡು ನಕ್ಕ ನಗು ಬೀದಿಗೆ ಕೇಳಿಸುತ್ತಿತ್ತು. ತಣಿಸಂದ್ರದವರಿಗೆ ಪಕ್ಕದ ಮನೆಯ ಫೋನಿನಿಂದಲೇ ಕ್ಷಮೆ ಕೇಳಿದೆ. ಯಾಕೆ ಮಾರಲ್ಲ ಅಂದರು. ಗಾಡಿ ಹುಷಾರಾಯಿತು ಅಂದೆ.

ನಿನ್ನೆ ಮತ್ತೆ ಶುಕ್ರವಾರ. ಬೆಳಿಗ್ಗೆ ಅವ್ವ ಅರಿಶಿನದ ಬಟ್ಟಲು ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಾನೆಟ್ಟಿನ ನಡುಮಧ್ಯೆ ಬೆರಳಿಟ್ಟು, "ಇಲ್ಲಿ ಏನೂ ತೂತು ಇಲ್ಲಲ್ಲೋ ತಮ್ಮಾ?" ಎಂದು ಕೇಳಿದಳು. ಇಲ್ಲ ಅಂದ ಮೇಲೆಯೇ ಹಚ್ಚಿದಳು.

ಆ ಗಾಡಿಯನ್ನು ವಾರವಾರವೂ ಕೈಯಾರೆ ಮುಟ್ಟಿ ಪೂಜಿಸುತ್ತಿದ್ದವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ. ಗ್ಯಾರೇಜಿನವರನ್ನು ಕೇಳಿದೆ, ಆಫೀಸಿನವರನ್ನು ಕೇಳಿದೆ, ದಾರಿಯಲ್ಲಿ ಎಮ್ಮೆ ತೊಳೆಯುವವರನ್ನೂ ಕೇಳಿದೆ. ಹಿಂದಿನ ಸೀಟಿನಲ್ಲಿ ಕೂತ ಅವ್ವನನ್ನು ಒಂದು ಮಾತು ಕೇಳಬೇಕು ಅಂತ ನನಗೆ ಯಾಕೆ ಹೊಳೆಯಲಿಲ್ಲ?