ನಾನು ಹೊಡೆದುಹಾಕಿದ ರಿಟರ್ನ್

ನಾನು ಡಿಪ್ಲೊಮಾದಲ್ಲಿ ಕಂಪ್ಯೂಟರ್ ಓದಿ ಇಪ್ಪತ್ತು ವರ್ಷ ದಾಟಿದೆ. ಸಿಕ್ಕಿದ ಕೆಲಸ ಮಾತ್ರ ನಾಗಮಂಗಲದ ಕಚೇರಿಯೊಂದರಲ್ಲಿ ಗುಮಾಸ್ತನದು. ಆದರೂ ನಮ್ಮ ಕಡೆಯವರಿಗೆ ನಾನು ಇಂದಿಗೂ ಕಂಪ್ಯೂಟರ್ ಓದಿದವನೇ. ಆ ಹೆಸರನ್ನು ನಾನೂ ಬೇಡವೆಂದವನಲ್ಲ.

ಹೋದ ವರ್ಷ ಒಂದು ಭಾನುವಾರ ಕ್ಯಾತನಹಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಡಿಪ್ಲೊಮಾ ಓದುತ್ತಿದ್ದ ಅಕ್ಕನ ಮಗಳಿಗೆ ಮಾರನೆಯ ದಿನ ಸಿ ಎಂಬ ಕಂಪ್ಯೂಟರ್ ಭಾಷೆಯ ಕಿರುಪರೀಕ್ಷೆ. ಊಟವಾದ ಮೇಲೆ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಒಂದು ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡುವ ಫಂಕ್ಷನ್ನು, ಅಂದರೆ ಪ್ರೋಗ್ರಾಮಿನ ಒಂದು ತುಣುಕು. ಕೊನೆಯ ಅಂಕಿಯನ್ನು ಕಳಚಿಟ್ಟುಕೊಂಡು, ಉಳಿದ ಸಂಖ್ಯೆಗಾಗಿ ಅದು ತನ್ನನ್ನೇ ಮತ್ತೆ ಕರೆಯಬೇಕು. ಒಂದೇ ಅಂಕಿ ಉಳಿದಾಗ ನಿಲ್ಲಬೇಕು. ಅವಳು ಎರಡು ಕಡೆ, ನಿಲ್ಲುವಲ್ಲಿ ಒಂದು, ಕೂಡುವಲ್ಲಿ ಒಂದು, ಸಿಕ್ಕ ಉತ್ತರವನ್ನು ಕರೆದ ಕಡೆಗೆ ವಾಪಸ್ ಕಳಿಸುವ ರಿಟರ್ನ್ ಬರೆದಿದ್ದಳು.

"ಇದ್ಯಾಕೆ ಎರಡು? ಒಂದು ಸಾಕು," ಎಂದು ಎರಡನೆಯದನ್ನು ಹೊಡೆದುಹಾಕಿದೆ.

"ಅದಿಲ್ದಿದ್ರೆ ಕೂಡಿದ್ದು ವಾಪಸ್ ಎಂಗ್ ಬತ್ತದೆ ಮಾವ?"

ನನಗೆ ಗೊತ್ತಿರಲಿಲ್ಲ. "ತಾನಾಗೇ ಬತ್ತದೆ ಕಣವ್ವ. ನಾನ್ ಓದಿದ್ದು ಇದ್ನೇ ಅಲ್ವಾ?" ಎಂದು ಗದರಿದೆ.

ಅಡುಗೆಮನೆಯಿಂದ ಅಕ್ಕ, "ಮಾವ ಯೋಳ್ದಂಗೆ ಬರಿ, ಎದ್ರು ಮಾತಾಡ್ಬ್ಯಾಡ," ಎಂದಳು. ಹುಡುಗಿ ನಾನು ಹೇಳಿದಂತೆಯೇ ಬರೆದುಕೊಂಡಳು.

ಸೋಮವಾರ ಬೆಳಗಿನಿಂದ ಅವಳ ಪ್ರಶ್ನೆ ನನ್ನನ್ನು ಕೊರೆಯತೊಡಗಿತು. ಊಟದ ಬಿಡುವಿನಲ್ಲಿ ಮೊಬೈಲಿನಲ್ಲೇ ಸಿ ಓಡಿಸುವ ಒಂದು ಜಾಗ ಹುಡುಕಿ, ನಾನು ತಿದ್ದಿದ ಫಂಕ್ಷನ್ನನ್ನೇ ತಡವರಿಸುತ್ತ ಟೈಪ್ ಮಾಡಿದೆ. ಸಾಲಿನ ಕೊನೆಗೆ ಸೆಮಿಕೋಲನ್ ಹಾಕುವುದೂ ಮರೆತುಹೋಗಿತ್ತು. 4725 ಕೊಟ್ಟೆ. ಹದಿನೆಂಟು ಬರಬೇಕಾದ ಕಡೆ ನಾಲ್ಕು ಬಂತು.

ಕೊನೆಯ ಅಂಕಿ ಕಳಚುವ ಭಾಗಾಕಾರ ತಪ್ಪಿರಬೇಕೆಂದುಕೊಂಡು ಪ್ರತಿ ಸಲದ ಸಂಖ್ಯೆಯನ್ನೂ ತೋರಿಸುವಂತೆ ಒಂದು ಸಾಲು ಸೇರಿಸಿದೆ. 4725, 472, 47, 4. ಇಳಿಯುವುದೆಲ್ಲ ಸರಿಯಾಗಿತ್ತು. ಹಾಗಾದರೆ ಕೂಡಿದ್ದು ಎಲ್ಲಿ ಹೋಯಿತು? ಹಾಳೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಬರೆಯುತ್ತ ಬಂದೆ. ನಾಲ್ಕಕ್ಕೆ ಏಳು ಸೇರಿತು, ಹನ್ನೊಂದು. ಅದನ್ನು ಮೇಲಿನ ಸಾಲಿಗೆ ತಲುಪಿಸುವವರೇ ಇರಲಿಲ್ಲ. ಹೊಡೆದುಹಾಕಿದ ರಿಟರ್ನನ್ನು ಮತ್ತೆ ಹಾಕಿದೆ. ಹದಿನೆಂಟು ಬಂತು.

ಹುಡುಗಿಗೆ ಫೋನ್ ಮಾಡಿದೆ. ಪರೀಕ್ಷೆ ಬೆಳಿಗ್ಗೆಯೇ ಮುಗಿದಿತ್ತು.

"ಅದೇ ಲೆಕ್ಕ ಬಂದಿತ್ತು ಮಾವ. ನೀವ್ ಯೋಳ್ದಂಗೇ ಬರದ್ಬುಟ್ಟೆ."

ಸಂಜೆ ಕಚೇರಿಯಿಂದ ಮನೆಗೆ ಹೋಗದೆ, ಅಕ್ಕನ ಊರಿಗೆಂದು ಪಾಂಡವಪುರದ ಬಸ್ಸು ಹತ್ತಿದೆ. ಅಕ್ಕನ ಎದುರಿಗೇ ಹೇಳಿದೆ: "ತಪ್ಪು ನಂದು ಕಣವ್ವ. ನೀನ್ ಮೊದ್ಲು ಬರ್ದಿದ್ದೇ ಸರಿ. ನಿಮ್ ಮೇಷ್ಟ್ರತ್ರ ನಾನ್ ಬಂದು ಯೋಳ್ತೀನಿ."

"ಬ್ಯಾಡ ಮಾವ. ಬರ್ದೋಳು ನಾನು ತಾನೆ?" ಎಂದಳು. "ತಪ್ಪು ಅಂತ ನಂಗ್ ಗೊತ್ತಿತ್ತು. ಗೊತ್ತಿದ್ದೂ ಬರ್ದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಕ್ಕ ಕಾಫಿ ತಂದಿಟ್ಟಳು. ಆ ಪ್ರಶ್ನೆಗೆ ಹುಡುಗಿಗೆ ಅರ್ಧದಷ್ಟೇ ಅಂಕ ಬಂತೆಂದು ಆಮೇಲೆ ತಿಳಿಯಿತು. ಈಗ ಅವಳ ಕಾಲೇಜಿನ ವಿಷಯ ಬಂದಾಗ ಅಕ್ಕ ಅವಳನ್ನೇ ಮಾತಾಡಲು ಬಿಡುತ್ತಾಳೆ.