ಗಂಡನಿಗೆ ಒಂಬತ್ತನೇ ಸ್ಥಾನ

ಅರ್ಲೀನ್ ಕೇಗಲ್ ನಮ್ಮೂರಿನಲ್ಲಿ ಹೆಂಗಸರ ಕೂದಲು ಸೆಟ್ ಮಾಡುವ ಪಾರ್ಲರ್ ಇಟ್ಟುಕೊಂಡಿದ್ದಳು. ಊರೆಂದರೆ ಅಲಬಾಮಾದ ಗುಡ್ಡದ ಮೇಲಿನ ಕೋಲ್ಟರ್ಸ್ ಗ್ಯಾಪ್: ಒಂದು ಕಾಲುಚೀಲದ ಗಿರಣಿ, ಗಿರಣಿಗಿಂತ ಹೆಚ್ಚು ಸದ್ದು ಮಾಡುವ ಚರ್ಚುಗಳು, ಒಂದು ಪುಟ್ಟ ರೇಡಿಯೊ ಸ್ಟೇಷನ್ನು. ಶನಿವಾರ ಬೆಳಿಗ್ಗೆ ಆ ರೇಡಿಯೊದಲ್ಲಿ ಗಾಸ್ಪೆಲ್, ಅಂದರೆ ಯೇಸುವಿನ ಭಕ್ತಿಯ ಹಾಡು ಹಾಕುತ್ತಿದ್ದವಳೂ ಅವಳೇ. ಚರ್ಚಿನಲ್ಲಿ ನಾವೆಲ್ಲ ಅಣ್ಣ, ಅಕ್ಕ ಎಂದೇ ಕರೆದುಕೊಳ್ಳುವವರು. ಹಾಗಾಗಿ ನನಗಿಂತ ಚಿಕ್ಕವಳಾದರೂ ಅವಳು ಅರ್ಲೀನಕ್ಕ.

ಪ್ರತಿ ಆಗಸ್ಟಿನಲ್ಲಿ, ನಮ್ಮ ಚರ್ಚಿನ ದೊಡ್ಡ ಹಾಡಿನ ಕೂಟಕ್ಕೆ ಮುಂಚೆ, ಆ ವರ್ಷದ ಅತ್ಯುತ್ತಮ ಹತ್ತು ರೆಕಾರ್ಡುಗಳು ಯಾವುವು ಎಂದು ಅವಳು ರೇಡಿಯೊದಲ್ಲಿ ಹೇಳುತ್ತಿದ್ದಳು. ಅವಳ ಪರೀಕ್ಷೆಯ ಕ್ರಮ ಸರಳ. ಹೊಸ ರೆಕಾರ್ಡನ್ನು ಪಾರ್ಲರಿನಲ್ಲೇ ಮೆಲ್ಲಗೆ ಹಾಕುವುದು. ಕೂದಲು ಒಣಗಿಸುವ ಯಂತ್ರದೊಳಗೆ ತಲೆಯಿಟ್ಟು ಕೂತ ಹೆಂಗಸು, ಆ ಗುಂಯ್‌ ಸದ್ದಿನ ನಡುವೆಯೂ ಹಾಡು ಕೇಳಲೆಂದು ತಲೆ ಈಚೆ ತೆಗೆದರೆ ರೆಕಾರ್ಡು ಪಾಸು.

ಅವಳ ಗಂಡ ಹಾಯ್ಟ್ ನಮ್ಮ ನಾಲ್ವರ ಹಾಡುವ ತಂಡದಲ್ಲಿ ಕೆಳದನಿಯವನು. ಅವನು ಆಳಕ್ಕಿಳಿದರೆ ಚರ್ಚಿನ ಬೆಂಚು ಅದುರುತ್ತಿತ್ತು. ನಾನು ಆ ತಂಡಕ್ಕೆ ಪಿಯಾನೊ ನುಡಿಸುವವನು. ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ನಾವು ದೊಡ್ಡ ಸ್ಟುಡಿಯೊಗಳಿರುವ ನ್ಯಾಶ್‌ವಿಲ್‌ಗೆ ಹೋಗಿ, ಪಿಟೀಲು ಕಹಳೆಗಳನ್ನೆಲ್ಲ ತುಂಬಿ, ಭರ್ಜರಿಯಾಗಿ ಒಂದು ರೆಕಾರ್ಡು ಮಾಡಿಸಿಕೊಂಡು ಬಂದೆವು. ಮೊದಲ ಸ್ಥಾನ ನಮ್ಮದೇ ಎಂದು ಹಾಯ್ಟ್ ಊರೆಲ್ಲ ಹೇಳಿಕೊಂಡು ತಿರುಗಿದ.

ಆ ಶನಿವಾರ ಅವನ ಅಡುಗೆಮನೆಯಲ್ಲಿ ರೇಡಿಯೊ ಸುತ್ತ ಕೂತಿದ್ದೆವು. ಅರ್ಲೀನಕ್ಕ ಹತ್ತರಿಂದ ಶುರುಮಾಡಿದಳು. ಒಂಬತ್ತು ಎನ್ನುತ್ತಲೇ ನಮ್ಮ ಹೆಸರು ಬಂತು.

"ತಲೆಕೆಳಗಾಗಿ ಓದ್ತಿದಾಳೆ ಅನ್ಸುತ್ತೆ ಕಣೋ," ಎಂದ ನಮ್ಮ ಮೇಲ್ದನಿಯ ವಾಯ್ಮನ್.

"ಹಂಗೆ ಓದಿದ್ರೂ ಎರಡನೇದಾಗುತ್ತಲ್ಲೋ ದಡ್ಡ!" ಹಾಯ್ಟ್ ಗುಡುಗಿದ.

ಮೊದಲನೆಯದು ಲೆಡ್‌ಫರ್ಡ್ ಅಕ್ಕತಂಗಿಯರ ರೆಕಾರ್ಡು. ಗಿರಣಿಯಲ್ಲಿ ಕಾಲುಚೀಲದ ತುದಿ ಹೊಲಿಯುವ ಮೂವರು ಹೆಂಗಸರು. ಒಂದು ಗಿಟಾರ್ ಇಟ್ಟುಕೊಂಡು ಚರ್ಚಿನ ಹಿಂದಿನ ಕೋಣೆಯಲ್ಲಿ ಹಾಡಿದ್ದು.

ಅರ್ಲೀನಕ್ಕ ಮನೆಗೆ ಬರುವುದನ್ನೇ ಹಾಯ್ಟ್ ಕಾಯುತ್ತಿದ್ದ.

"ಕಟ್ಕೊಂಡ ಗಂಡನ್ನ ಒಂಬತ್ತಕ್ಕೆ ತಳ್ಳಿದೀಯಲ್ಲೇ!"

"ಗಂಡನ್ನಲ್ಲ ರೀ, ರೆಕಾರ್ಡನ್ನ."

"ಆ ಹೆಂಗಸರಲ್ಲಿ ಕೆಳದನಿ ಎಲ್ಲಿದೆ? ಕೆಳದನಿ ಇಲ್ದಿರೋ ಹಾಡು ಅಂದ್ರೆ ಪಾಯ ಇಲ್ದಿರೋ ಮನೆ."

"ನಿಮ್ಮನೆ ಪಾಯ ಗಟ್ಟಿಯಾಗೇ ಇದೆ. ಒಳಗೆ ಯಾರೂ ವಾಸ ಇಲ್ಲ, ಅಷ್ಟೆ."

ವಾಯ್ಮನ್ ನಕ್ಕುಬಿಟ್ಟ. ಹಾಯ್ಟ್ ಟೋಪಿ ಎತ್ತಿಕೊಂಡು ಹೊರಗೆ ಹೋದ.

ಸೋಮವಾರ ಸ್ಟೇಷನ್ನಿನ ಮ್ಯಾನೇಜರು ಪಾರ್ಲರಿಗೇ ಬಂದ. ಹಾಯ್ಟ್ ಕಡೆಯವರ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದೆ, ಒಂಬತ್ತು ಎಂದದ್ದು ಬಾಯಿತಪ್ಪಿ ಬಂತು ಎಂದು ಮುಂದಿನ ವಾರ ಹೇಳಿಬಿಡಿ ಎಂದು ಬೇಡಿಕೊಂಡ. ಅರ್ಲೀನಕ್ಕ ಕೈಯಲ್ಲಿದ್ದ ಬಾಚಣಿಗೆ ಕೆಳಗಿಡದೆ, "ಬಾಯೂ ತಪ್ಪಿಲ್ಲ, ಕಿವೀನೂ ತಪ್ಪಿಲ್ಲ. ಬೇಡ ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ," ಎಂದಳು. ಅಂದು ಸಂಜೆಯೇ ಗಿರಣಿಯ ಗೇಟಿನ ಬಳಿ ಹೋಗಿ, ಮೂವರಲ್ಲಿ ಹಿರಿಯಳಾದ ಓಪಲ್‌ಳನ್ನು ಕೂಟದಲ್ಲಿ ಹಾಡಲು ಕರೆದಳು.

"ಅಯ್ಯೋ ಅಕ್ಕ, ಅಷ್ಟು ಜನರ ಮುಂದೆ ನಮ್ಮ ಕೈಲಾಗಲ್ಲ."

"ಹೊಲಿಗೆ ಯಂತ್ರದ ಗದ್ದಲದ ಮೇಲೆ ಹಾಡೋರು ನೀವು. ಜನ ಅದಕ್ಕಿಂತ ಗದ್ದಲ ಮಾಡ್ತಾರಾ?"

ಕೂಟದ ದಿನ ಚರ್ಚಿನ ಬೆಂಚುಗಳೆಲ್ಲ ತುಂಬಿ, ಜನ ಕಿಟಕಿಯಲ್ಲೂ ನಿಂತಿದ್ದರು. ನಾವು ಹಾಡಿ ಇಳಿದ ಮೇಲೆ ಮೂವರೂ ವೇದಿಕೆ ಹತ್ತಿದರು. ಒಂದೇ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿದ ಲಂಗಗಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಓಪಲ್ ಕಣ್ಣು ಮುಚ್ಚಿ ಹಾಡು ಎತ್ತಿಕೊಂಡಳು. ತಂಗಿಯರಿಬ್ಬರು ಒಬ್ಬಳು ಮೇಲಿನಿಂದ, ಒಬ್ಬಳು ಕೆಳಗಿನಿಂದ ಬಂದು ಸೇರಿದರು. ಮೂರು ದನಿಯಲ್ಲಿ ಯಾವುದು ಯಾರದೆಂದು ಪಿಯಾನೊ ನುಡಿಸುವ ನನಗೇ ತಿಳಿಯಲಿಲ್ಲ. ಜನರ ಕೈಯ ಬೀಸಣಿಗೆಗಳು ನಿಂತವು. ಎರಡನೇ ಚರಣಕ್ಕೆ ಒಬ್ಬ ಮುದುಕ ಎದ್ದು ನಿಂತ. ಪಲ್ಲವಿ ಮರಳಿ ಬರುವಷ್ಟರಲ್ಲಿ ಕೂತವರು ಯಾರೂ ಉಳಿದಿರಲಿಲ್ಲ. ಕೆಲವರು ಅಳುತ್ತಿದ್ದರು, ಕೆಲವರು ಚಪ್ಪಾಳೆ ತಟ್ಟುತ್ತ ಕೂಗುತ್ತಿದ್ದರು. ಅರ್ಲೀನಕ್ಕ ಮಾತ್ರ ಬಾಗಿಲಲ್ಲಿ ಕೈಕಟ್ಟಿ ನಿಂತು, ಮಗಳ ಮದುವೆ ನೋಡುವವಳಂತೆ ನಗುತ್ತಿದ್ದಳು.

ಆಗ ಹಾಯ್ಟ್ ದಢದಢನೆ ವೇದಿಕೆ ಹತ್ತಿ ಮೈಕು ಹಿಡಿದ.

"ನನ್ನ ಹೆಂಡ್ತಿ ಪಟ್ಟೀಲಿ ಒಂದು ತಪ್ಪು ಮಾಡಿದಾಳೆ," ಎಂದ. ತಲೆಗಳೆಲ್ಲ ಬಾಗಿಲಿನತ್ತ ತಿರುಗಿದವು. "ನಮಗೆ ಒಂಬತ್ತು ಕೊಟ್ಟಿದ್ದು ಜಾಸ್ತಿಯಾಯ್ತು."

ನಗುವಿನ ಅಬ್ಬರಕ್ಕೆ ತಗಡಿನ ಮಾಡು ಹಾರಿಹೋಗುವಂತಾಯಿತು. ಅವನು ಓಪಲ್ ಕಡೆ ತಿರುಗಿ, "ಅಕ್ಕ, ಇನ್ನೊಂದ್ಸಲ ಹಾಡ್ತೀರಾ?" ಎಂದು ಕೈಮುಗಿದ.

ಮರದಡಿಯ ಊಟಕ್ಕೆ ಹುರಿದ ಕೋಳಿ ಬಡಿಸುವ ಮೊದಲೇ ಆ ಮೂವರು ತಂದಿದ್ದ ರೆಕಾರ್ಡುಗಳೆಲ್ಲ ಖಾಲಿ. ಮ್ಯಾನೇಜರು ಅರ್ಲೀನಕ್ಕನ ಕಾರ್ಯಕ್ರಮವನ್ನು ಇನ್ನೊಂದು ಗಂಟೆ ಹೆಚ್ಚಿಸಿದ.

ಮರುವರ್ಷ ನಾವು ಕಹಳೆಗಳನ್ನು ಕೈಬಿಟ್ಟು, ಬರೀ ಪಿಯಾನೊ ಇಟ್ಟುಕೊಂಡು ಹಾಡಿದೆವು. ಅರ್ಲೀನಕ್ಕ ನಾಲ್ಕನೇ ಸ್ಥಾನ ಕೊಟ್ಟಳು. ಅವಳು ಸ್ಟೇಷನ್ನಿನಿಂದ ಬಂದಾಗ ಹಾಯ್ಟ್ ಬಾಗಿಲಲ್ಲೇ ನಿಂತಿದ್ದ. ಮತ್ತೆ ಜಗಳವೇ ಎಂದುಕೊಂಡೆ. ಅವನು ಅವಳ ಕೈಯಿಂದ ರೆಕಾರ್ಡುಗಳ ಪೆಟ್ಟಿಗೆ ಇಸಿದುಕೊಂಡು, "ಮೇಲಿನ ಮೂರು ಯಾವ್ದೇ? ಹಾಕು, ಕೇಳಣ," ಎಂದ.